ದುರ್ಗದ ನೆಲದಲ್ಲಿ ನೀರಿನ ಜಾಡು

ಚಿತ್ರದುರ್ಗ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಓಬವ್ವನ ಒನಕೆ. ಅದರ ಬೆನ್ನಿಗೇ ನೆನಪಾಗುವುದು ಬರ. ಮುಂಗಾರಿನ ಮೋಡಗಳು ಹೊತ್ತು ತಂದ ನೀರನ್ನು ಪಶ್ಚಿಮ ಘಟ್ಟಗಳು ಆಚೆ ಮಗ್ಗುಲಲ್ಲೇ ಇಳಿಸಿಕೊಂಡುಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ಘಟ್ಟದ ಮರೆಯಲ್ಲಿರುವ ಈ ಸೀಮೆಯಲ್ಲಿ 600 ಮಿ.ಮೀ. ಬಿದ್ದರೆ ಒಳ್ಳೆಯ ವರ್ಷ. ಇಂಥ ಕಡೆ ಒಂದು ದಿನ ಪೂರ್ತಿ ನೀರನ್ನೇ ಹುಡುಕಿಕೊಂಡು ಸುತ್ತಬಹುದೆಂದರೆ ನಂಬುವುದು ಕಷ್ಟ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಬಳಸಿ ಸುಮಾರು 180 ಕಿ.ಮೀ. ಸುತ್ತಿ ಬಂದ ಮೇಲೆ ನನಗೂ ನನ್ನ ಶ್ರೀಮತಿಗೂ ಅನ್ನಿಸಿದ್ದು ಒಂದೇ: ಇಲ್ಲಿಯ ಕಥೆಗಳೆಲ್ಲ ಕೊನೆಗೆ ನೀರಿನ ಕಥೆಗಳೇ.

ಹೊರದೇಶಗಳಲ್ಲಿ ಗಂಡಹೆಂಡಿರು ಮಂಚ, ಅಡುಗೆ ಕಟ್ಟೆ ಎಲ್ಲ ಇರುವ ಮೋಟಾರು ಮನೆಯಲ್ಲಿ ಊರೂರು ಸುತ್ತುತ್ತಾರೆ. ನಮ್ಮದು ಹಳೆಯ ಮಾರುತಿ ಓಮ್ನಿ. ಹಿಂದಿನ ಸೀಟು ಮಡಚಿ ಜಮಖಾನ ಹಾಸಿ, ಚಿಕ್ಕದೊಂದು ಗ್ಯಾಸ್ ಒಲೆ, ಬುತ್ತಿ, 20 ಲೀಟರಿನ ನೀರಿನ ಕ್ಯಾನು ಇಟ್ಟುಕೊಂಡದ್ದೇ ನಮ್ಮ ಗಾಡಿಯೂ ಮನೆಯಾಯಿತು. ‘ಸಂಜೆಯವರೆಗೆ ಇಷ್ಟು ನೀರು ಸಾಲುತ್ತೇನ್ರೀ?’ ಎಂದಳು ನನ್ನಾಕೆ. ನೂರಾರು ವರ್ಷಗಳಿಂದ ಈ ಸೀಮೆಯ ಹೆಂಗಸರೆಲ್ಲ ಬೆಳಗೆದ್ದು ಕೇಳಿಕೊಳ್ಳುತ್ತ ಬಂದ ಪ್ರಶ್ನೆಯೂ ಅದೇ.

ಬೆಟ್ಟದ ಮೇಲಿನ ಹೊಂಡಗಳು

ಬಿಸಿಲೇರುವ ಮುನ್ನವೇ ಕೋಟೆ ಹತ್ತಿದೆವು. ಇಲ್ಲಿಯ ಬಂಡೆಗಳು ಭೂಮಿಯ ಆಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಗ್ರಾನೈಟು. ಮೇಲಿನ ಪದರ ಸವೆದು ಬಯಲಿಗೆ ಬಂದ ಮೇಲೆ ಬಿಸಿಲು, ಮಳೆಗಳು ಬಿರುಕಿನೊಳಗೆ ಕೆಲಸ ಮಾಡಿ, ಈರುಳ್ಳಿಯ ಸಿಪ್ಪೆ ಸುಲಿದ ಹಾಗೆ ಮೂಲೆಗಳನ್ನು ಕಳಚಿ, ಈ ಗುಂಡುಗಳನ್ನು ಮಾಡಿವೆ. ಇಂಥ ಕಲ್ಲಿನ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಹೋಗುತ್ತದೆ. ಪಾಳೆಯಗಾರರ ಜಾಣ್ಮೆ ಇರುವುದು ಅದನ್ನು ಹರಿಯಗೊಡದೆ ಹಿಡಿದದ್ದರಲ್ಲಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅದರ ಕೋಡಿ ನೀರು ಅಕ್ಕ–ತಂಗಿಯರ ಹೊಂಡಕ್ಕೆ. ಅಲ್ಲಿಂದ ಇನ್ನೂ ಕೆಳಕ್ಕೆ. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರೊಂದೇ ಎಂಜಿನು.

ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿದರೂ ಕೋಟೆ ಅವನ ವಶವಾದದ್ದು 1779ರಲ್ಲಿ. ನೀರಿಲ್ಲದ ಕೋಟೆ ಅಷ್ಟು ಕಾಲ ತಾಳುತ್ತಿತ್ತೆ? ಓಬವ್ವನ ಕಥೆಯನ್ನೇ ನೋಡಿ. ಕಾವಲುಗಾರ ಗಂಡ ಊಟಕ್ಕೆ ಕುಳಿತಾಗ ಆಕೆ ನೀರು ತರಲು ಹೋದಳು. ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳು ಕಣ್ಣಿಗೆ ಬಿದ್ದದ್ದು ಆಗ. ಒನಕೆ ಎಲ್ಲರಿಗೂ ನೆನಪಿದೆ, ಕೊಡ ಮರೆತುಹೋಗಿದೆ.

ಕೋಟೆಯ ಪಕ್ಕದ ಚಂದ್ರವಳ್ಳಿ ಇನ್ನೂ ಹಳೆಯದು. 1929ರ ಸುಮಾರಿಗೆ ಡಾ. ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯಗಳೂ ಸಿಕ್ಕವು. ಆದರೆ ನನಗೆ ಹೆಚ್ಚಿನದೆನ್ನಿಸುವುದು ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನ. ನಾಲ್ಕನೆಯ ಶತಮಾನದ ಆ ಅರಸ ತಾನು ಗೆದ್ದ ನಾಡುಗಳನ್ನು ಹೆಸರಿಸುವ ಆ ಬರಹದಲ್ಲೇ ದಾಖಲಾಗಿರುವ ಇನ್ನೊಂದು ಸಂಗತಿ, ಅವನು ಕಟ್ಟಿಸಿದ ಕೆರೆ.

ಇಲ್ಲೊಂದು ಕಡಲಿತ್ತು

ಹಿರಿಯೂರಿನ ಹೆದ್ದಾರಿ ಹಿಡಿದು ಐಮಂಗಲದ ಸಮೀಪ ಒಳಕ್ಕೆ ತಿರುಗಿದರೆ ಮರಡಿಹಳ್ಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1976ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಕೋಟೆ ನೋಡಲು ಬರುವ ಶಾಲಾ ಬಸ್ಸುಗಳು ಇತ್ತ ತಿರುಗುವುದು ಅಪರೂಪ. ಮೊದಲ ನೋಟಕ್ಕೆ ಕುರುಚಲು ಗಿಡಗಳ ನಡುವಿನ ಮಾಮೂಲಿ ಕಲ್ಲುದಿಬ್ಬ. ಹತ್ತಿರ ಹೋದರೆ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಉಬ್ಬುಬ್ಬಾದ ಕಲ್ಲುಗಳು.

‘ಇದರಲ್ಲೇನಿದೆ?’ ಎಂದು ಕೇಳಿದ ನನ್ನಾಕೆಗೆ ಅವಳ ಅಡುಗೆಮನೆಯಿಂದಲೇ ಉತ್ತರ ಹೇಳಿದೆ. ಬೆಲ್ಲದ ಪಾಕ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ತಟ್ಟೆಯ ತಣ್ಣೀರಿಗೆ ಒಂದು ಹನಿ ಬಿಡುತ್ತಾರಲ್ಲ, ಅದು ತಕ್ಷಣ ಉಂಡೆ ಕಟ್ಟುತ್ತದೆ. ಭೂಮಿಯೊಳಗಿನ ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಆಗುವುದೂ ಹೆಚ್ಚುಕಡಿಮೆ ಅದೇ. ನೀರು ತಾಗಿದ ಹೊರಮೈ ಥಟ್ಟನೆ ಹೆಪ್ಪುಗಟ್ಟುತ್ತದೆ, ಒಳಗಿನದು ಇನ್ನೂ ದ್ರವ. ಹಿಂದಿನಿಂದ ಒತ್ತಡ ಬಂದಾಗ ಉಬ್ಬಿದ ತೊಗಟೆ ಒಡೆದು ಮತ್ತೊಂದು ದಿಂಬು ಹೊರಬರುತ್ತದೆ. ಈ ಆಕಾರ ಮೂಡಬೇಕಾದರೆ ನೀರು ಇರಲೇಬೇಕು. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದದ್ದು ಕಡಲ ತಳ!

ಅವಳು ಆ ಕಲ್ಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಕಡಲು ನೋಡಲು ಮಂಗಳೂರು, ಕಾರವಾರಗಳಿಗೆ ಹೋಗಿ ಬಂದವರು ನಾವು. ನಮ್ಮ ಬಯಲುಸೀಮೆಯ ಕಡಲು ಕಲ್ಲಾಗಿ ಇಲ್ಲೇ ಕುಳಿತಿತ್ತು. ಮಕ್ಕಳನ್ನು ಕರೆತರುವವರಿಗೆ ಒಂದು ಮಾತು: ಚಿತ್ರ ಬರೆದುಕೊಳ್ಳಲಿ, ಫೋಟೋ ತೆಗೆಯಲಿ, ಚೂರನ್ನು ಮಾತ್ರ ಒಡೆದು ತರುವುದು ಬೇಡ.

ಮಾರಿಕಣಿವೆಯ ಕಟ್ಟೆ

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನಿಗೆ ಕೈಮುಗಿದು ವಾಣಿವಿಲಾಸ ಸಾಗರಕ್ಕೆ ಹೋದೆವು. ಬಾಬಾ ಬುಡನ್‌ಗಿರಿಯ ಕಡೆಯಿಂದ ಹರಿದು ಬರುವ ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳುವ ಇಕ್ಕಟ್ಟಿನಲ್ಲಿ ಕಟ್ಟೆ ನಿಂತಿದೆ. ಕಣಿವೆ ಮಾರಮ್ಮನ ಗುಡಿಯಿಂದಾಗಿ ಜನರ ಬಾಯಲ್ಲಿ ಇದು ಮಾರಿಕಣಿವೆ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ಕನ್ನಂಬಾಡಿಗಿಂತಲೂ ಇದು ಹಿರಿಯದು.

ಪೂರ್ಣಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಪತ್ರಿಕೆಯಲ್ಲಿ ದಿನವೂ ಓದುವ ಈ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಸುಮಾರು 2,830 ಕೋಟಿ. ಇಷ್ಟು ದೊಡ್ಡ ಪಾತ್ರೆ ತುಂಬಲು ಸಣ್ಣ ನದಿಗೆ ಸುಲಭವಲ್ಲ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. 2025ರಲ್ಲಿಯೂ ತುಂಬಿತು. ಒಳ್ಳೆಯ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರಾ ಜಲಾಶಯದಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಹರಿಸಿದ ನೀರೂ ಇದಕ್ಕೆ ಕಾರಣ. ಇದರ ನೆರಳಲ್ಲೇ ಬೆಳೆದ ಎಷ್ಟೋ ಅಜ್ಜಂದಿರು ಕೋಡಿ ನೋಡದೆಯೇ ಕಣ್ಣು ಮುಚ್ಚಿದರು. ಇಂದಿನ ಮಕ್ಕಳು ಅದನ್ನು ನೋಡಿದ್ದಾರೆ.

ಮರದಡಿ ಗಾಡಿ ನಿಲ್ಲಿಸಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಮುಗಿಸಿ ಹೊಸದುರ್ಗದ ದಾರಿ ಹಿಡಿದೆವು.

ಹಿನ್ನೀರಿನ ಅಂಚಿನಲ್ಲಿ

ದಾರಿಯುದ್ದಕ್ಕೂ ತೆಂಗಿನ ತೋಟಗಳು, ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು. ಮಳೆ ತಾರದ ಗಾಳಿ ಕರೆಂಟನ್ನಾದರೂ ಕೊಡುತ್ತಿದೆ. ಹಿನ್ನೀರಿನ ಬದಿಯ ತೋಟದ ಯಜಮಾನರೊಬ್ಬರು, ‘ಬಿಸಿಲಾಗೆ ಎಲ್ಲಿಗೆ ಹೊಂಟ್ರಿ ಅಮ್ಮಾರೆ? ಎಳನೀರು ಕುಡ್ದು ಹೋಗ್ರಿ’ ಎಂದು ಕರೆದರು. ಬರದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತರಿಸಿ ಮರ ಉಳಿಸಿಕೊಂಡವರು ಅವರು. 2022ರಲ್ಲಿ ಅದೇ ತೋಟದ ತಗ್ಗಿಗೆ ಹಿನ್ನೀರು ನುಗ್ಗಿತು. ‘ಕಟ್ಟೆ ತುಂಬ್ಲಿಲ್ಲ ಅಂದ್ರೆ ಬೋರು ಒಣಗ್ತವೆ, ತುಂಬಿದ್ರೆ ತೋಟ ಮುಳುಗ್ತೈತೆ. ಎಲ್ಡೂ ನಮಗೇ ಸಾರ್’ ಎಂದು ನಕ್ಕರು. ಎಳನೀರಿಗೆ ದುಡ್ಡು ಮುಟ್ಟಲಿಲ್ಲ. ನಕ್ಷೆಯಲ್ಲಿ ನೀಲಿ ಬಣ್ಣದ ಕೆರೆ ತೋರಿಸಿ ಪಾಠ ಮಾಡುವ ನಮ್ಮಂಥವರು ಆ ನೀಲಿಯ ಅಂಚಿನಲ್ಲಿ ಬದುಕುವವರ ಮಾತನ್ನೂ ಕೇಳಬೇಕು.

ಇದೇ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಬೇಸಿಗೆಯಲ್ಲಿ ನೀರು ಆವಿಯಾದ ನೆಲದ ಮೇಲೆ ಬಿಳಿಯಾಗಿ ಮೂಡುವ ಚೌಳನ್ನು ಬೆಣಚುಕಲ್ಲಿನ ಪುಡಿಯೊಂದಿಗೆ ಕರಗಿಸಿದರೆ ಗಾಜು. ರೈತನಿಗೆ ಬೇಡವಾದ ಚೌಳು ಬಳೆಗಾರನಿಗೆ ಅನ್ನವಾಗಿತ್ತು.

ಪಟ್ಟಣದ ಕೆರೆ

ಸಂಜೆ ಹೊಳಲ್ಕೆರೆ. ಬಿಸಿಲು ಮಳೆಗೆ ಮೈಯೊಡ್ಡಿ ಕುಳಿತ ಬಯಲು ಗಣಪತಿಯ ದರ್ಶನವಾಯಿತು. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಹೊಳಲ್ಕೆರೆ ಎಂದರೆ ಪಟ್ಟಣದ ಕೆರೆ. ಊರಿನ ಹೆಸರಿನಲ್ಲೇ ಕೆರೆ ಸೇರಿಕೊಂಡಿದೆ.

ಈಗ ಸುತ್ತಲಿನ ಅಡಿಕೆ ತೋಟಗಳನ್ನು ಸಾಕುತ್ತಿರುವುದು ಬಹುಮಟ್ಟಿಗೆ ಕೊಳವೆಬಾವಿಗಳು. ಗಟ್ಟಿ ಕಲ್ಲಿನ ಈ ನೆಲದಲ್ಲಿ ನೀರಿರುವುದು ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಅಲ್ಲಿಗೆ ಮಳೆ ಇಳಿದು ತುಂಬುವುದೂ ತಡ. ಕಲ್ಲಿನೊಂದಿಗೆ ಬಹುಕಾಲ ಇದ್ದ ನೀರಿಗೆ ಫ್ಲೋರೈಡ್ ಸೇರುತ್ತದೆ. ಹಳ್ಳಿಯ ಕೆಲವು ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯ ಮೂಲ ಇದು. ಮಯೂರಶರ್ಮನಿಗೂ ದುರ್ಗದ ನಾಯಕರಿಗೂ ತಿಳಿದಿದ್ದ ಸಂಗತಿಯನ್ನು ನಾವು ಸಾವಿರ ಅಡಿ ಕೊರೆದು ಕಲಿಯುತ್ತಿದ್ದೇವೆ: ಈ ನೆಲಕ್ಕೆ ಮೇಲಿನಿಂದ ಬೀಳುವ ನೀರೇ ಬಂಡವಾಳ, ಅದನ್ನು ಹಿಡಿದಿಟ್ಟವನೇ ಜಾಣ.

ಈ ಸುತ್ತಾಟಕ್ಕೆ ನಮ್ಮಂತೆ ಗಾಡಿಯೇ ಬೇಕೆಂದಿಲ್ಲ. ನಾಲ್ಕೂ ಊರುಗಳಿಗೆ ಬಸ್ಸುಗಳಿವೆ, ಎರಡು ಭಾನುವಾರಗಳಾದರೂ ಸರಿ. ಚಿತ್ರದುರ್ಗದಿಂದ ಹಿರಿಯೂರು ಸುಮಾರು 40 ಕಿ.ಮೀ., ಹೊಳಲ್ಕೆರೆ ಸುಮಾರು 35 ಕಿ.ಮೀ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಹಿತ. ಮಕ್ಕಳ ಕೈಗೊಂದು ನೋಟ್‌ಪುಸ್ತಕ ಕೊಟ್ಟು, ಹೊರಡುವ ಮುನ್ನ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೆ ಪ್ರವಾಸ ಮುಂದುವರಿಸಿ.