ಜಾಗಕ್ಕೊಂದು ರೇಟು, ಹೆಸರಿಗೊಂದು ರೇಟು

ಮಂಡಕ್ಕಿ ಜೊತೆ ತಿಂದ ಮೆಣಸಿನಕಾಯಿಯ ಬೀಜ ಹಲ್ಲಿನ ಸಂದಿಗೆ ಸಿಕ್ಕಿಕೊಂಡಂತೆ, ಕೊಟ್ಟೂರಿನ ದಲ್ಲಾಳಿಯೊಬ್ಬರ ಮಾತು ತಲೆಯಲ್ಲಿ ಸಿಕ್ಕಿಕೊಂಡಿದೆ. "ಹರಪನಹಳ್ಳ್ಯಾಗ ಒಂದು ಹಳೇ ಅಂಕಣದ ಮನಿ ಐತ್ರಿ ಸರ. ರಿಪೇರಿ ಮಾಡ್ಸಿ ಹೊಸಾದು ಮಾಡ್ಯಾರ. ಸಿನಿಮಾದೋರ ಮನೆತನದ್ದು. ಜಾಗಕ್ಕೊಂದು ರೇಟು, ಹೆಸರಿಗೊಂದು ರೇಟು ನೋಡ್ರಿ."

ಯಾವ ಸಿನಿಮಾದವರು ಎಂದರೆ ನಟರೊಬ್ಬರ ಅಜ್ಜಿಯ ತಮ್ಮನ ಬೀಗರು ಎಂದೇನೋ ಹೇಳಿದರು. ಆ ಜಾಡು ಹಿಡಿದು ಹೋದರೆ ನಾನೂ ಎಲ್ಲಾದರೂ ಸಿಗುತ್ತಿದ್ದೆ.

ಕೊಳ್ಳುವ ತಾಕತ್ತಿಲ್ಲದಿದ್ದರೂ ನೋಡಿಬರಲು ಹೋದೆ. ಕಂಬಗಳಿಗೆ ಪಾಲಿಶ್ ಹೊಡೆದು ಮುಖ ಕಾಣುವಂತೆ ಮಾಡಿದ್ದಾರೆ. ದೀಪ ಇಡುವ ಮಾಡದಲ್ಲಿ ಸ್ವಿಚ್ ಬೋರ್ಡು ಕೂತಿದೆ. ಜೋಳ ತುಂಬಿಡುತ್ತಿದ್ದ ಹಗೇವಿಗೆ ಕಾಂಕ್ರೀಟು ಸುರಿದು ಟೈಲ್ಸ್ ಹಾಸಿದ್ದಾರೆ. ನಮ್ಮ ಕಡೆಯ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹಾಕುವುದು ರೂಢಿ. ಇಲ್ಲಿ ಅದರ ಮೇಲೇ ಸಿಮೆಂಟು ಬಳಿದಿದ್ದಾರೆ, ಗೋಡೆಗೂ ಅದೇ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯಾದರೆ ತೇವ ಆರಿಹೋಗುತ್ತದೆ. ಸಿಮೆಂಟು ಬಳಿದರೆ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ಇದನ್ನು ಹೇಳಿದ್ದಕ್ಕೆ ದಲ್ಲಾಳಿ, "ನಮ್ಮ ಕಡಿ ಮಳಿ ಎಲ್ಲಿ ಬರ್ತಾವ್ರಿ ಸರ" ಎಂದು ಸಮಾಧಾನ ಮಾಡಿದರು.

ಹೆಸರೇ ಬೇಕೆಂದರೆ ಈ ಊರಲ್ಲಿ ಕಡಿಮೆಯೇ? 1913ರಲ್ಲಿ ರಾಯಸಂ ಭೀಮಸೇನರಾವ್ ಹುಟ್ಟಿದ್ದು ಇದೇ ಹರಪನಹಳ್ಳಿಯಲ್ಲಿ. ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟ ನಮ್ಮ ಬೀಚಿ. ಹೇಳಿದೆ. "ಅವ್ರದ್ ಸೈಟ್ ಎಲ್ಲೈತ್ರಿ?" ಎಂದರು ದಲ್ಲಾಳಿ. ಬೀಚಿಯವರೇ ಕೇಳಿದ್ದರೆ ತಮ್ಮ ಪಾತ್ರ ತಿಂಮನ ಬಾಯಲ್ಲಿ ಹಾಕಿಬಿಡುತ್ತಿದ್ದರು. ಅವರು ಹುಟ್ಟಿದಾಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು 1997ರಲ್ಲಿ ದಾವಣಗೆರೆಗೆ ಸೇರಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮನೆಗಳು ಕೂತಲ್ಲೇ ಕೂತು ಜಿಲ್ಲೆ ಸುತ್ತಿ ಬಂದಿವೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಮೂಡಲಿಗೆ ಯಾರ ಮನೆ, ಪಡುವಲಿಗೆ ಯಾವ ರಸ್ತೆ ಎಂದು ಬರೆಯುತ್ತಾರೆ; ಒಳಗೆ ಯಾರಿದ್ದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹೆಸರಿನ ರೇಟು ಯಾವ ಕಾಗದದಲ್ಲಿ ಬರುತ್ತದೋ!

ಹೆಸರಿಗೆ ನಿಜವಾಗಿ ದುಡ್ಡು ಬಿದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ಆರ್.ಕೆ. ನಾರಾಯಣ್ 1950ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಎರಡಂತಸ್ತಿನ ಮನೆ ಅದು. ಮಹಡಿಯಲ್ಲಿ ಹೊರಕ್ಕೆ ದುಂಡಗೆ ಚಾಚಿಕೊಂಡ ಕೋಣೆ, ಅದರ ಸುತ್ತ ಕಿಟಕಿಗಳು. ಅಲ್ಲಿ ಕೂತು ಬರೆಯುತ್ತಿದ್ದರು. ಇಳಿವಯಸ್ಸಿನಲ್ಲಿ ಮದ್ರಾಸಿಗೆ ಹೋದರು, 2001ರಲ್ಲಿ ಅಲ್ಲೇ ತೀರಿಕೊಂಡರು. ಮನೆಗೆ ಬೀಗ ಬಿತ್ತು. ಅಷ್ಟು ವರ್ಷ ಅದರ ಮುಂದೆ ಓಡಾಡಿದ ಊರಿಗೆ ಏನೂ ಅನ್ನಿಸಲಿಲ್ಲ. 2011ರಲ್ಲಿ ಕೆಡವಲು ಶುರುಮಾಡಿದಾಗ ಮಾತ್ರ ಎಲ್ಲರಿಗೂ ಒಟ್ಟಿಗೇ ಎಚ್ಚರವಾಯಿತು. ಪತ್ರಿಕೆಗಳು ಬರೆದವು, ಹಾರೆ ನಿಂತಿತು. ಮಹಾನಗರ ಪಾಲಿಕೆ ಎರಡು ಕೋಟಿಗೂ ಮೀರಿ ಕೊಟ್ಟು ವಾರಸುದಾರರಿಂದ ಕೊಂಡು, ರಿಪೇರಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ನಡುವೆ ಜಗಳವೂ ಆಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ತೆರಿಗೆ ಹಣ ಯಾಕೆ ಎಂದು ನಮ್ಮ ಕೆಲವು ಸಾಹಿತಿಗಳು ತಕರಾರು ತೆಗೆದರು. ಪ್ರಶ್ನೆ ಸಲ್ಲದ್ದು ಎನ್ನಲಾರೆ. ಕನ್ನಡದ ಎಷ್ಟೋ ಲೇಖಕರ ಮನೆಗಳು ಸದ್ದಿಲ್ಲದೆ ಬಿದ್ದುಹೋಗಿವೆ. ಆದರೆ ಶಂಕರ್‌ನಾಗ್ ನಾರಾಯಣರ ಕಥೆಗಳ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿ ಹಿಂದಿಯಲ್ಲಿ ತೋರಿಸಿದಾಗ ನಾವ್ಯಾರೂ ಟೀವಿ ಆರಿಸಿ ಎದ್ದುಹೋಗಲಿಲ್ಲವಲ್ಲ. ಬಾಯಿ ಬಿಟ್ಟುಕೊಂಡು ನೋಡಿದೆವು.

ನನ್ನ ತಕರಾರು ಬೇರೆ. ಇಂಥ ಮನೆ ಮಾರಲು ಹೊರಟ ಮಕ್ಕಳು, ಮೊಮ್ಮಕ್ಕಳನ್ನು ಬೈಯುವುದು ನಮಗೆಲ್ಲ ಬಹಳ ಸಲೀಸು. ಕಂದಾಯ ಕಟ್ಟುವವರು ಅವರು. ಸೋರುವ ಕಡೆ ಬಕೆಟ್ ಇಡುವವರು ಅವರು. ಗೆದ್ದಲು ಹತ್ತಿದ ಜಂತಿ ಬದಲಿಸಲು ಬಡಗಿಯನ್ನು ಹುಡುಕಿ ಅಲೆಯುವವರೂ ಅವರೇ. ಅಭಿಮಾನಿಗಳು ಬರುವುದು ಹಾರೆ ಎತ್ತಿದ ದಿನ. ಬಂದವರಿಗೆ ಚಹಾ ಬೇರೆ ಕೊಡಬೇಕು.