ಮಣ್ಣು ಮುಚ್ಚಿದ ಬೆಂಕಿ

ಹೋದ ವಾರ ನಮ್ಮ ರಾಗಿ ಮೆದೆ ಹಾಕಿದ್ದಾಯ್ತು. ಶನಿವಾರ ಮಗ ಬೆಂಗಳೂರಿಂದ ಸ್ನೇಹಿತರನ್ನ ಕರ್ಕೊಂಡು ಬಂದ, ಇಬ್ಬರು ಹುಡುಗರು, ಒಂದು ಹುಡುಗಿ. ಮನೇಲಿ ಮಲಗಲ್ವಂತೆ. ಹೊಲದಲ್ಲೇ ಟೆಂಟ್ ಹಾಕಿ, ಕ್ಯಾಂಪ್ ಫೈರ್ ಮಾಡ್ತಾರಂತೆ. ನಾವು ಚಾಪೆ ಸುತ್ಕೊಂಡು ಕಾವಲಿಗೆ ಹೋಗ್ತಿದ್ದುದಕ್ಕೆ ಈಗ ಈ ಹೆಸರು ಬಂದಿದೆ ಅಂತ ನಮ್ಮನೆಯೋಳು ನಕ್ಕಳು.

ಸಂಜೆ ಹೋಗಿ ನೋಡಿದ್ರೆ ಮಾವಿನ ಮರದ ಕೆಳಗೆ, ಒಣಗಿದ ತರಗಿನ ಮೇಲೇ, ದಪ್ಪ ದಪ್ಪ ಹಸಿ ಸೌದೆ ಪೇರಿಸಿದ್ರು. ಬರೀ ಹೊಗೆ. ಒಬ್ಬ ಬೈಕಿಂದ ಪೆಟ್ರೋಲ್ ತೆಗೆಯೋಕೆ ಎದ್ದಿದ್ದ. ಪೆಟ್ರೋಲ್ ಸುರಿದ್ರೆ ಮೊದಲು ಹತ್ಕೊಳ್ಳೋದು ಅದರ ಆವಿ, ಸುಡೋದು ಸುರಿಯೋನ ಕೈ ಮುಖ. ಬೈದು ಕೂರಿಸ್ದೆ.

ಉತ್ತ ಜಾಗದಲ್ಲಿ, ಮೆದೆಯಿಂದ ದೂರ, ಸುತ್ತ ಎರಡು ಮಾರು ಕಸ ಕಡ್ಡಿ ಕೆರೆಸಿ ಒಂದು ಗೇಣು ಗುಂಡಿ ತೆಗೆಸಿದೆ. ಹಳ್ಳದಿಂದ ಕಲ್ಲು ಹೊತ್ತು ತಂದಿದ್ರು ಪಾಪ, ಅದನ್ನ ಎಸೆಸಿದೆ. ನೀರು ಕುಡಿದ ಕಲ್ಲು ಕಾವಿಗೆ ಸಿಡಿಯುತ್ತೆ. ಹುಡುಗಿ ಗೆಣಸು ಚುಚ್ಚಿ ಸುಡೋಕೆ ಬೇಲಿಯಿಂದ ಕಣಗಿಲೆ ಕಡ್ಡಿ ಮುರ್ಕೊಂಡು ಬಂದಿದ್ಲು. ಅದು ವಿಷ ಕಣವ್ವ, ಅದರ ಹೊಗೆನೂ ಆಗಲ್ಲ ಅಂದೆ. ಹೆದರಿ ಮೂರು ಸಲ ಸೋಪು ಹಾಕಿ ಕೈ ತೊಳೆದ್ಲು! ತೆಂಗಿನ ನಾರು, ಅದರ ಮೇಲೆ ಒಣ ಪುಳ್ಳೆ, ಆಮೇಲೆ ಬೆರಳು ಗಾತ್ರದ್ದು, ನಡುವೆ ಗಾಳಿ ಆಡೋ ಹಾಗೆ ಸಂದು ಬಿಟ್ಟು ಜೋಡಿಸಿ, ಗಾಳಿ ಬರೋ ಕಡೆಯಿಂದ ಕಡ್ಡಿ ಗೀರಿದೆ. ಒಂದೇ ಕಡ್ಡಿ. ಹತ್ಕೊಂಡ ಮೇಲೆ ಒಂದು ಹುಣಸೆ ಕೊರಡು ಇಟ್ಟೆ, ರಾತ್ರಿಯೆಲ್ಲಾ ಕೆಂಡಕ್ಕೆ ಅದು ಸಾಕು.

ಹತ್ತು ಗಂಟೆಗೆ ಮಗ "ಅಪ್ಪ, ನೀನು ಹೋಗಿ ಮಲ್ಕೊ" ಅಂದ. ನಾನು ಏಳಲಿಲ್ಲ. ಅವನಿಗೆ ಆಗ ಹತ್ತು ವರ್ಷ, ನೆನಪಿಲ್ಲ.

13 ವರ್ಷದ ಹಿಂದೆ, ಇದೇ ತಿಂಗಳು. ಅವರೆಗೆ ಹಂದಿ ಕಾಟ ಅಂತ ಕಾವಲಿಗೆ ಹೋಗಿ ಬೆಂಕಿ ಹಾಕಿದ್ದೆ. ನಡುರಾತ್ರಿ ಚಳಿ ತಡೀಲಾರದೆ ಮನೆಗೆ ಹೊರಟೆ. ನೀರು ತರೋಕೆ ಸೋಮಾರಿತನ, ಕಾಲಲ್ಲಿ ಕೆಂಡದ ಮೇಲೆ ಮಣ್ಣು ಎಳೆದು ಬಂದೆ. ನಮ್ಮವ್ವ ದಿನಾ ರಾತ್ರಿ ಒಲೆ ಕೆಂಡಕ್ಕೆ ಬೂದಿ ಮುಚ್ತಿದ್ಲು, ಯಾಕೆ? ಬೆಳಿಗ್ಗೆಗೆ ಬೆಂಕಿ ಉಳೀಲಿ ಅಂತ. ಅದನ್ನ ನೋಡ್ಕೊಂಡೇ ಬೆಳೆದೋನು ನಾನು, ಮಣ್ಣು ಮುಚ್ಚಿದ್ರೆ ಆರುತ್ತೆ ಅಂದ್ಕೊಂಡೆ. ಬೆಳಗಿನ ಜಾವ ಮೂಡಲ ಗಾಳಿ ಬೀಸಿದೆ. ಪಡುವಲಲ್ಲಿ ಪಕ್ಕದ ಹೊಲದ ಅಣ್ಣನ ಮೆದೆ. ಎರಡು ಎಕರೆ ರಾಗಿ, ತೆನೆ ಸಮೇತ. ನಾವೆಲ್ಲ ಬಿಂದಿಗೆ ಹಿಡ್ಕೊಂಡು ಓಡೋ ಹೊತ್ತಿಗೆ ಏನೂ ಉಳಿದಿರಲಿಲ್ಲ.

ಯಾರೋ ಬೀಡಿ ಎಸೆದಿರಬೇಕು ಅಂದ್ರು ಊರೋರು. ನಾನೂ ಹೂಂ ಅಂದೆ. ಎಂಟು ದಿನ. ಅವರ ಹಸುಗಳು ಖಾಲಿ ಗೊಂತಿನ ಮುಂದೆ ಕೂಗೋದು ನಮ್ಮನೆಗೆ ಕೇಳಿಸೋದು. ಒಂಬತ್ತನೇ ದಿನ ಹೋಗಿ "ಅಣ್ಣ, ಅದು ನನ್ನ ಬೆಂಕಿ" ಅಂದೆ. ಅವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಕಣ್ಲಾ. ನಿನ್ನ ಗುಂಡೀನ ಅವತ್ತೇ ನೋಡಿದ್ದೆ" ಅಂದ್ರು ಅಷ್ಟೇ. ಆ ವರ್ಷ ನಮ್ಮ ರಾಗಿ, ಹುಲ್ಲು ಎರಡರಲ್ಲೂ ಅರ್ಧ ಅವರ ಮನೆಗೆ ಹೋಯ್ತು. ಅವರು ಕೇಳಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮುಂದಿನ ವರ್ಷದ ಗೌರಿ ಹಬ್ಬದವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದನ್ನ ಹುಡುಗರಿಗೆ ಹೇಳಲಿಲ್ಲ. ಇಲ್ಲೇ ಮೊದಲು ಬರೀತಿರೋದು. ಹನ್ನೆರಡಕ್ಕೆ ಅವರ ಕೈಯಲ್ಲೇ ನಾಲ್ಕು ಬಿಂದಿಗೆ ನೀರು ಹೊರಿಸಿದೆ. ಹುಯ್ಯೋದು, ಕೋಲಲ್ಲಿ ಕೆದಕೋದು, ಮತ್ತೆ ಹುಯ್ಯೋದು. "ಅಂಕಲ್, ಕೆಸರಾಯ್ತು, ಸಾಕು" ಅಂತ ನಕ್ಕರು. ಕೊರಡನ್ನ ಹೊರಳಿಸಿ ಅಡಿಗೂ ಹುಯ್ಸಿದೆ. ಸುಯ್ ಅನ್ನೋ ಸದ್ದು ನಿಂತ ಮೇಲೆ ಹೊರಗೈ ಹತ್ತಿರ ಹಿಡಿದು ನೋಡಿ ಅಂದೆ, ಒಬ್ಬೊಬ್ಬರಾಗಿ ಹಿಡಿದ್ರು.

ಬೆಳಿಗ್ಗೆ ಐದಕ್ಕೆ ಎಚ್ಚರ ಆಯ್ತು, ಟಾರ್ಚ್ ಹಿಡಿದು ಹೋದೆ. ಹುಡುಗರು ಟೆಂಟಲ್ಲಿ ಗೊರಕೆ. ಗುಂಡಿ ತಣ್ಣಗಿತ್ತು, ಕೊರಡಿನ ಬಿರುಕಲ್ಲಿ ಮಾತ್ರ ಸ್ವಲ್ಪ ಬಿಸಿ. ತೊಟ್ಟಿಯಿಂದ ಇನ್ನೊಂದು ಬಿಂದಿಗೆ ತಂದು ಹುಯ್ದೆ.