ಗೇರ್ ಲಿವರ್ ಅಲ್ಲಾಡುತ್ತಿದೆಯೇ? ಮೊದಲು ಗಾಡಿಯ ಕೆಳಗೆ ನೋಡಿ

ನಾವು ಮೂವರು ಸೇರಿ ಒಂದು ಕಾರು ಇಟ್ಟುಕೊಂಡಿದ್ದೇವೆ. ಮೂವರೂ ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು. ಬೇರೆ ಬೇರೆ ಪತ್ರಿಕೆಗಳಿಗೆ ಶಿರಸಿ ಸುತ್ತಮುತ್ತಲಿನ ಸುದ್ದಿ ಕಳಿಸುತ್ತೇವೆ. ಬರೆದ ಸುದ್ದಿಗೆ ಇಷ್ಟು ಎಂದು ಬರುವ ದುಡ್ಡಿನಲ್ಲಿ ಒಬ್ಬೊಬ್ಬರೇ ಕಾರು ಸಾಕುವುದು ಆಗದ ಮಾತು. ಅದಕ್ಕೇ ಪಾಲು ಹಾಕಿ ಒಂದು ಹಳೆಯ ಮಾರುತಿ 800 ಕೊಂಡೆವು. ಪೆಟ್ರೋಲು ಯಾರು ಓಡಿಸುತ್ತಾರೋ ಅವರದು, ರಿಪೇರಿ ಮೂವರದ್ದು.

ಈ ಕಾರು ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂತು. 2010ರಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಬೆಂಗಳೂರು ಸೇರಿ 13 ದೊಡ್ಡ ನಗರಗಳಲ್ಲಿ ಮಾರಾಟ ನಿಂತಿತು. ಆಮೇಲೂ ನಮ್ಮಂಥ ಸಣ್ಣ ಊರುಗಳಲ್ಲಿ ಮಾರಾಟವಾಗುತ್ತಿತ್ತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅಂದರೆ ಈಗ ಓಡುತ್ತಿರುವ ಎಲ್ಲ 800ಗಳೂ ವಯಸ್ಸಾದವು. ವಯಸ್ಸಾದ ಮೇಲೆ ಕೀಲು ಸಡಿಲವಾಗುವುದು ಮನುಷ್ಯರಿಗೂ ಉಂಟು, ಗಾಡಿಗೂ ಉಂಟು. ಅದರಲ್ಲಿ ಕಂಪನಿಯ ತಪ್ಪೇನಿಲ್ಲ.

ನಮ್ಮ ಕಾರಿನಲ್ಲಿ ಸಡಿಲವಾಗಿದ್ದು ಗೇರ್. ನ್ಯೂಟ್ರಲ್‌ನಲ್ಲಿಟ್ಟು ಗೇರ್ ನಾಬ್ ಹಿಡಿದು ಅಲ್ಲಾಡಿಸಿದರೆ ಆಚೆಗೀಚೆಗೆ ನಾಲ್ಕು ಬೆರಳಿನಷ್ಟು ಆಡುತ್ತಿತ್ತು. ಒಂದನೇ ಗೇರ್ ಯಾವುದು, ಮೂರನೇ ಗೇರ್ ಯಾವುದು ಎಂದು ಕೈಗೆ ಗೊತ್ತಾಗುತ್ತಿರಲಿಲ್ಲ. ಪೇಟೆಯಲ್ಲಿ ಇದೊಂದು ಕಿರಿಕಿರಿ, ಅಷ್ಟೆ. ಆದರೆ ನಮ್ಮ ಕೆಲಸ ಬರೀ ಪೇಟೆಯಲ್ಲಿಲ್ಲ. ಕುಮಟಾ ಕಡೆಗೆ ಹೋಗಬೇಕೆಂದರೆ ದೇವಿಮನೆ ಘಟ್ಟ ಇಳಿಯಬೇಕು. ಒಂದು ದಿನ ಘಟ್ಟದ ತಿರುವೊಂದರಲ್ಲಿ ಎರಡನೇ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬಿತ್ತು.

ಘಟ್ಟದಲ್ಲಿ ಓಡಿಸಿದವರಿಗೆ ಇದರ ಅರ್ಥ ಗೊತ್ತು. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಬ್ರೇಕ್ ಒಂದೇ ಅಲ್ಲ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಗೇರ್ ಕಳಚಿದ ಕ್ಷಣ ಆ ಹಿಡಿತ ಹೋಯಿತು. ಉಳಿದದ್ದು ಬ್ರೇಕ್ ಮಾತ್ರ. ಅದನ್ನೂ ಉದ್ದಕ್ಕೂ ತುಳಿದೇ ಇಳಿದರೆ ಬಿಸಿಯಾಗಿ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಅವತ್ತು ಹಿಂದಿನ ಸೀಟಿನಲ್ಲಿ ನಮ್ಮಲ್ಲೊಬ್ಬರ ತಾಯಿ ಇದ್ದರು. ಮತ್ತೆ ಎರಡನೇ ಗೇರಿಗೆ ಹಾಕಿ, ಲಿವರನ್ನು ಕೈಯಲ್ಲೇ ಒತ್ತಿ ಹಿಡಿದುಕೊಂಡು ಘಟ್ಟ ಇಳಿಸಿದೆವು. ಹಳ್ಳಿಯಲ್ಲಿ ಒಂದು ಕಾರಿದೆ ಎಂದರೆ ಅದು ಅರ್ಧ ಆಂಬುಲೆನ್ಸ್ ಇದ್ದ ಹಾಗೆ. ನಡುರಾತ್ರಿ ಯಾರಾದರೂ ಬಂದು ಬಾಗಿಲು ಬಡಿಯಬಹುದು. ಅಂಥ ಗಾಡಿಯ ಗೇರ್ ಹೀಗಿದ್ದರೆ ನಡೆಯುವುದಿಲ್ಲ.

ಇನ್ನು ಏನು ಮಾಡಬೇಕೆಂಬ ಮಾತು ಬಂತು. ನಮ್ಮಲ್ಲಿ ಕಿರಿಯವನು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ಮಿರಮಿರ ಮಿಂಚುವ ಗಿಡ್ಡ ಗೇರ್ ಲಿವರ್, ಅದರ ಮೇಲೊಂದು ಭಾರದ ಸ್ಟೀಲ್ ನಾಬ್. ಹೆಸರು ಶಾರ್ಟ್ ಶಿಫ್ಟರ್. ಎಲ್ಲ ಸಣ್ಣ ಕಾರುಗಳಿಗೂ ಹೊಂದುತ್ತದೆ, ಗೇರ್ ಚಕಚಕ ಬೀಳುತ್ತದೆ ಎಂದು ಬರೆದಿತ್ತು. ಬೆಲೆ 4,800 ರೂಪಾಯಿ. ರೀಲ್ಸ್‌ನಲ್ಲಿ ಅದನ್ನು ಹಾಕಿಸಿಕೊಂಡವರು ಮಣಿಕಟ್ಟು ತಿರುಗಿಸಿದಷ್ಟರಲ್ಲೇ ಗೇರ್ ಬದಲಾಯಿಸುತ್ತಿದ್ದರು. ನೋಡಿದರೆ ಯಾರಿಗಾದರೂ ಆಸೆ ಆಗಬೇಕು.

ದುಡ್ಡು ಕಳಿಸುವ ಮೊದಲು ನಮ್ಮ ಮೇಸ್ತ್ರಿಯ ಹತ್ತಿರ ಹೋದೆವು. ಈ ಕಾರಿನ ಬೋಲ್ಟು ಬೋಲ್ಟೂ ಬಲ್ಲ ಹಿರಿಯರು. ಫೋನಿನ ಚಿತ್ರ ನೋಡಿ ಕೇಳಿದರು: "ಪೇಪರ್‌ನವರೇ, ಹಾರೆ ಹಾಕಿ ಕಲ್ಲು ಎಬ್ಬಿಸಿದ್ದೀರಲ್ಲ?"

ತೋಟದ ಮನೆಯವರು ನಾವು, ಎಬ್ಬಿಸದೆ ಇರುತ್ತೇವೆಯೇ?

"ಹಾರೆಯ ಕೆಳಗೆ ಆನಿಕೆ ಕಲ್ಲು ಎಲ್ಲಿ ಇಡುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಇದೂ ಅದೇ," ಎಂದರು.

ಅವರು ಹೇಳಿದ್ದನ್ನು ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಆನಿಕೆ ಕಲ್ಲು ದೊಡ್ಡ ಕಲ್ಲಿನ ಹತ್ತಿರವಿದ್ದರೆ ನಮ್ಮ ಕೈ ಜಾಸ್ತಿ ದೂರ ಹೋಗಬೇಕು, ಆದರೆ ಕಲ್ಲು ಹಗುರ. ಆನಿಕೆಯನ್ನು ಕೈ ಕಡೆಗೆ ಸರಿಸಿದರೆ ಕೈ ಕಡಿಮೆ ದೂರ ಹೋದರೆ ಸಾಕು, ಆದರೆ ಕಲ್ಲು ಭಾರ. ಗೇರ್ ಲಿವರ್ ಕೂಡ ಒಂದು ಹಾರೆಯೇ. ಮಧ್ಯದಲ್ಲಿ ಒಂದು ಗುಂಡಿನ ಕೀಲು ಇದೆ. ಅದರ ಮೇಲಿನ ಭಾಗ ನಮ್ಮ ಕೈಯಲ್ಲಿ, ಕೆಳಗಿನ ತುದಿ ಗೇರ್ ಬಾಕ್ಸಿಗೆ ಹೋಗುವ ರಾಡಿಗೆ.

ಉದಾಹರಣೆಗೆ ಕೀಲಿನ ಮೇಲೆ 25 ಸೆಂಟಿಮೀಟರ್, ಕೆಳಗೆ 5 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ರಾಡ್ 2 ಸೆಂಟಿಮೀಟರ್ ಸರಿಯಬೇಕಾದರೆ ಕೈ 10 ಸೆಂಟಿಮೀಟರ್ ಸರಿಯಬೇಕು. ಕೆಳಗಿನ ಭಾಗವನ್ನು 7 ಸೆಂಟಿಮೀಟರ್ ಮಾಡಿದರೆ ಕೈ ಸುಮಾರು 7 ಸೆಂಟಿಮೀಟರ್ ಸರಿದರೆ ಸಾಕು. ಶಾರ್ಟ್ ಶಿಫ್ಟರಿನ ಗುಟ್ಟು ಇಷ್ಟೇ. ಆದರೆ ಮೊದಲು 1 ಕಿಲೋ ಬಲ ಸಾಕಾಗುತ್ತಿದ್ದ ಕಡೆ ಈಗ 1.4 ಕಿಲೋ ಬೇಕು. ದೂರದಲ್ಲಿ ಉಳಿಸಿದ್ದನ್ನು ಬಲದಲ್ಲಿ ಕೊಡಬೇಕು.

ಇಷ್ಟಾದರೆ ತೊಂದರೆ ಇರಲಿಲ್ಲ. ನಮ್ಮ ಕಣ್ಣು ತೆರೆಸಿದ್ದು ಇನ್ನೊಂದು ಲೆಕ್ಕ. ನಮ್ಮ ಲಿವರ್ ಅಲ್ಲಾಡುತ್ತಿದ್ದುದು ಅದು ಉದ್ದವಿದೆ ಎಂದಲ್ಲ, ಕೆಳಗೆ ಬುಷ್ ಸವೆದಿದೆ ಎಂದು. ಅಲ್ಲಿ 5 ಮಿಲಿಮೀಟರ್ ಸವೆತ ಇದ್ದರೆ ಮೇಲೆ ಕೈಗೆ 25 ಮಿಲಿಮೀಟರ್ ಅಲ್ಲಾಟ ಕಾಣುತ್ತದೆ. ಶಾರ್ಟ್ ಶಿಫ್ಟರ್ ಹಾಕಿದರೆ ಅದೇ ಸವೆತ ಕೈಗೆ 18 ಮಿಲಿಮೀಟರ್ ಅಷ್ಟೇ ಕಾಣುತ್ತದೆ. ಓಹೋ, ಗೇರ್ ಬಿಗಿಯಾಯಿತು ಎನ್ನಿಸುತ್ತದೆ. ಕೆಳಗಿನ 5 ಮಿಲಿಮೀಟರ್ ಮಾತ್ರ ಇದ್ದ ಹಾಗೇ ಇರುತ್ತದೆ. ರಾಡಿನ ಓಟದಲ್ಲಿ ಅಷ್ಟು ಆ ಸಡಿಲದಲ್ಲೇ ಕಳೆದುಹೋಗಿ, ಗೇರ್ ಪೂರ್ತಿ ಕಚ್ಚಿಕೊಳ್ಳದೆ ಅರ್ಧಕ್ಕೆ ನಿಲ್ಲಬಹುದು. ಅರ್ಧ ಕಚ್ಚಿದ ಗೇರ್ ಇಳಿಜಾರಿನಲ್ಲಿ ಕಳಚಿಕೊಳ್ಳುತ್ತದೆ. ಅಂದರೆ ಆ 4,800 ರೂಪಾಯಿಯ ಭಾಗ ನಮ್ಮ ತೊಂದರೆಯನ್ನು ತೆಗೆಯುತ್ತಿರಲಿಲ್ಲ, ನಮ್ಮ ಕೈಗೆ ತಿಳಿಯದ ಹಾಗೆ ಮುಚ್ಚಿಡುತ್ತಿತ್ತು.

ಮೇಸ್ತ್ರಿ ಕಾರನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಲೈಟು ಬಿಟ್ಟು ತೋರಿಸಿದರು. ಈ ಕಾರಿನಲ್ಲಿ ಎಂಜಿನ್, ಗೇರ್ ಬಾಕ್ಸ್ ಎರಡೂ ಮುಂದೆ. ಲಿವರ್ ಇರುವುದು ಸೀಟುಗಳ ನಡುವೆ. ಇವೆರಡರ ಮಧ್ಯೆ ತಳದಲ್ಲಿ ಎರಡು ರಾಡ್‌ಗಳು ಓಡುತ್ತವೆ. ಒಂದು ಗೇರ್ ಬದಲಾಯಿಸುವ ರಾಡ್. ಇನ್ನೊಂದು ಲಿವರಿನ ಬುಡವನ್ನು ಅಲುಗದಂತೆ ಹಿಡಿದುಕೊಳ್ಳುವ ರಾಡ್. ಎರಡರ ಕೀಲುಗಳಲ್ಲೂ ಬುಷ್‌ಗಳಿವೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು ಹೋಗುವುದರಿಂದ ಬಿಸಿ. ಮಲೆನಾಡಿನ ಮಳೆಗಾಲ, ಕೆಂಪು ಮಣ್ಣಿನ ರಾಡಿ ಬೇರೆ. ನಮ್ಮ ಕಾರಿನಲ್ಲಿ ಕೀಲನ್ನು ಮುಚ್ಚುವ ಬೂಟ್ ರಬ್ಬರ್ ಹರಿದು ಎಷ್ಟು ಕಾಲವಾಗಿತ್ತೋ. ಒಳಗೆ ಹೋದ ಮಣ್ಣು ಗ್ರೀಸಿನ ಜೊತೆ ಸೇರಿ ಮರಳು ಕಾಗದದ ಹಾಗೆ ಬುಷ್ ಉಜ್ಜಿಹಾಕಿತ್ತು. ಬಿಚ್ಚಿದಾಗ ಅರ್ಧ ಬುಷ್ ಪುಡಿಯಾಗಿಯೇ ಉದುರಿತು.

ಇಲ್ಲಿ ನಮ್ಮ ಮುಂದೆ ಮೂರು ದಾರಿ ಇದ್ದವು. ಕಂಪನಿಯ ಬುಷ್ಷನ್ನೇ ಹಾಕುವುದು ಒಂದು. ಹೊರಗೆ ಸಿಗುವ ಪಾಲಿಯುರೆಥೇನ್ ಎಂಬ ಗಟ್ಟಿ ಬುಷ್ ತರಿಸುವುದು ಇನ್ನೊಂದು. ಲೇತ್‌ನಲ್ಲಿ ನೈಲಾನ್ ತಿರುವಿಸಿ ಅಳತೆಗೆ ಸರಿಯಾಗಿ ಮಾಡಿಸುವುದು ಮೂರನೆಯದು. ಬುಷ್ ಗಟ್ಟಿಯಾದಷ್ಟೂ ಗೇರ್ ಖಚಿತವಾಗಿ ಬೀಳುತ್ತದೆ. ಆದರೆ ಎಂಜಿನ್ನಿನ ನಡುಕವೂ ಅಷ್ಟೇ ನೇರವಾಗಿ ಕೈಗೆ ಬರುತ್ತದೆ. ರಬ್ಬರ್ ಹಾಕಿರುವುದೇ ಆ ನಡುಕ ನುಂಗಲಿಕ್ಕೆ. ಹಾಗಾಗಿ ಎಲ್ಲ ಕಡೆ ಗಟ್ಟಿ ಹಾಕುವುದು ಬೇಡ ಎಂದು ಮೇಸ್ತ್ರಿ ಅಂದರು. ಎಂಜಿನ್ ಕಡೆಯ ಹಿಡಿ ರಾಡಿಗೆ ಕಂಪನಿಯ ರಬ್ಬರ್ ಬುಷ್, ಗೇರ್ ಬದಲಾಯಿಸುವ ರಾಡಿನ ಕೀಲಿಗೆ ಲೇತ್‌ನ ನೈಲಾನ್ ಬುಷ್. ಇದು ಅವರ ತೀರ್ಮಾನ, ನಮಗೂ ಒಪ್ಪಿಗೆಯಾಯಿತು.

ಲೆಕ್ಕ ಹೀಗೆ: ರಬ್ಬರ್ ಬುಷ್ 180 ರೂಪಾಯಿ, ನೈಲಾನ್ ಬುಷ್ 250, ಹೊಸ ಬೂಟ್ ರಬ್ಬರ್ 120, ಗ್ರೀಸ್ 90, ಕೂಲಿ 500. ಒಟ್ಟು 1,140. ತಲೆಗೆ 380 ರೂಪಾಯಿ. ಗ್ರೀಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಮಾಮೂಲಿ ಗ್ರೀಸ್ ತಾಗಿದರೆ ಕೆಲವು ರಬ್ಬರ್‌ಗಳು ಉಬ್ಬಿ ಮೆತ್ತಗಾಗುತ್ತವೆ. ರಬ್ಬರ್ ಇರುವ ಕಡೆ ಸಿಲಿಕೋನ್ ಗ್ರೀಸ್ ಕೇಳಿ ತೆಗೆದುಕೊಳ್ಳಿ.

ಕೆಲಸ ಮುಗಿದ ಮೇಲೆ ನಾಲ್ಕು ಬೆರಳಿನ ಅಲ್ಲಾಟ ಒಂದು ಬೆರಳಿಗೆ ಬಂತು. ಮೊದಲಿಗಿಂತ ತುಸು ನಡುಕ ಕೈಗೆ ಗೊತ್ತಾಗುತ್ತದೆ, ನಿಜ. ಒಂದು ಇಡೀ ಮಳೆಗಾಲ ಓಡಿಸಿದ್ದೇವೆ. ಘಟ್ಟದಲ್ಲಿ ಗೇರ್ ಮತ್ತೆ ಕಳಚಿಲ್ಲ.

ಹಾಗಾದರೆ ಶಾರ್ಟ್ ಶಿಫ್ಟರ್ ಬರೀ ಮೋಸವೇ? ಹಾಗೆನ್ನಲಾಗದು. ಕೀಲು, ಬುಷ್ ಎಲ್ಲ ಗಟ್ಟಿಯಿರುವ ಕಾರಿಗೆ, ಅದೇ ಮಾಡೆಲ್‌ಗೆಂದು ಅಳತೆ ಮಾಡಿ ತಯಾರಿಸಿದ ಶಿಫ್ಟರ್ ಹಾಕಿದರೆ ಗೇರ್ ಬೀಳುವ ರೀತಿಯೇ ಚಂದ. ಎಲ್ಲ ಕಾರಿಗೂ ಆಗುತ್ತದೆ ಎನ್ನುವುದನ್ನು ಮಾತ್ರ ನಂಬಬೇಡಿ. ಇನ್ನೊಂದು ವಿಷಯ. ಗೇರ್ ಬಾಕ್ಸಿನೊಳಗೆ ಸಿಂಕ್ರೊ ಎಂಬ ಹಿತ್ತಾಳೆಯ ಉಂಗುರಗಳಿರುತ್ತವೆ. ತಿರುಗುವ ಎರಡು ಭಾಗಗಳ ವೇಗವನ್ನು ಸಮ ಮಾಡಿ ಆಮೇಲೆ ಗೇರ್ ಕಚ್ಚಿಸುವುದು ಅವುಗಳ ಕೆಲಸ. ಅದಕ್ಕೆ ಒಂದು ಚಣ ಬೇಕು. ಲಿವರ್ ಗಿಡ್ಡವಾಯಿತೆಂದು ಬಡಿದು ಬಡಿದು ಗೇರ್ ಹಾಕಿದರೆ ಸವೆಯುವುದು ಆ ಉಂಗುರಗಳು. ಆಗ ಗೇರ್ ಬಾಕ್ಸನ್ನೇ ಇಳಿಸಬೇಕು, ಆ ಖರ್ಚು ಸಾವಿರಗಳಲ್ಲಿ.

ನಾಬ್ ಬದಲಾಯಿಸುವ ಆಸೆ ಇದ್ದವರಿಗೂ ಎರಡು ಮಾತು. ಭಾರದ ನಾಬ್ ಕೈಯ ತಳ್ಳುವಿಕೆಗೆ ಸ್ವಲ್ಪ ಜೋರು ಕೊಡುತ್ತದೆ, ಗೇರ್ ನಯವಾಗಿ ಬಿದ್ದಂತೆ ಅನಿಸುತ್ತದೆ. ಆದರೆ ಮರೆಗಳ ಅಳತೆ ಕಾರಿನಿಂದ ಕಾರಿಗೆ ಬೇರೆ. ಹಳೆಯ ನಾಬನ್ನು ಅಂಗಡಿಗೆ ಒಯ್ದು ಹೊಂದಿಸಿ ನೋಡಿ. ಉಂಗುರ ಎತ್ತಿ ರಿವರ್ಸ್ ಹಾಕುವ ಕಾರುಗಳಲ್ಲಿ ಆ ಉಂಗುರಕ್ಕೆ ಅಡ್ಡ ಬರುವ ನಾಬ್ ಬೇಡವೇ ಬೇಡ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಸ್ಟೀಲ್ ನಾಬ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನಮ್ಮ ಕಾರಿನಲ್ಲಿ ಅಂಕಿಗಳು ಅಳಿಸಿಹೋದ ಹಳೆಯ ಪ್ಲಾಸ್ಟಿಕ್ ನಾಬೇ ಇದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರೂ, ಬಾಡಿಗೆ ಓಡಿಸುವವರೂ ಇದನ್ನು ಓದುತ್ತಿದ್ದರೆ, ಮೇಸ್ತ್ರಿ ನಮಗೆ ಕಲಿಸಿದ ಪರೀಕ್ಷೆಗಳನ್ನು ನೀವೇ ಮನೆ ಅಂಗಳದಲ್ಲಿ ಮಾಡಬಹುದು. ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಿ, ಚಕ್ರಕ್ಕೆ ಕಲ್ಲು ಕೊಡಿ.

ಎಂಜಿನ್ ಬಂದ್ ಮಾಡಿ, ಕ್ಲಚ್ ತುಳಿದು ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಶುರು ಮಾಡಿದ ಮೇಲೆ ಬಿಗಿಯಾದರೆ ಅಥವಾ ಕರ್ರ್ ಎಂದರೆ ಮೊದಲು ಕ್ಲಚ್ ನೋಡಿಸಿ. ಲಿವರಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ.

ನ್ಯೂಟ್ರಲ್‌ನಲ್ಲಿ ಆಚೆಗೀಚೆಗೆ ಬಹಳ ಆಡುತ್ತಿದ್ದರೆ ಬುಷ್ ಅಥವಾ ಕೀಲು. ಕೇಬಲ್ ಇರುವ ಕಾರಾದರೆ ಕೇಬಲ್ ತುದಿಯ ಬುಷ್. ಅದು ಪೂರ್ತಿ ಕಳಚಿದರೆ ಲಿವರ್ ಆಡುತ್ತಿರುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ.

ಎಕ್ಸಲರೇಟರ್ ಒತ್ತಿದಾಗ, ಬಿಟ್ಟಾಗ ಲಿವರ್ ಹಿಂದೆ ಮುಂದೆ ಜಿಗಿಯುತ್ತಿದ್ದರೆ ಎಂಜಿನ್ನಿನ ಮೌಂಟಿಂಗ್ ರಬ್ಬರ್ ನೋಡಿಸಿ. ಬೆಳಗಿನ ಚಳಿಯಲ್ಲಿ ಮಾತ್ರ ಬಿಗಿ ಎನಿಸಿದರೆ ಗೇರ್ ಆಯಿಲ್ ಕೇಳಿ. ಬುಷ್ ಹೊಸದಾದ ಮೇಲೂ ಗೇರ್ ಕಳಚುತ್ತಿದ್ದರೆ ತೊಂದರೆ ಬಾಕ್ಸಿನ ಒಳಗಿದೆ. ಅಂಥ ಗಾಡಿಯಲ್ಲಿ ಘಟ್ಟ ಇಳಿಯಬೇಡಿ.

ಕೆಳಗೆ ನೋಡುವುದಿದ್ದರೆ ಬರೀ ಜಾಕಿಯನ್ನು ನಂಬಿ ತೂರಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿಗೇ ಹೋಗಿ. ಈಗಷ್ಟೇ ಓಡಿಸಿ ತಂದ ಗಾಡಿಯ ಸೈಲೆನ್ಸರ್ ಪೈಪು ಸುಡುತ್ತಿರುತ್ತದೆ, ಆರುವ ತನಕ ಕಾಯಿರಿ.

ಕಿರಿಯವನ ಶಾರ್ಟ್ ಶಿಫ್ಟರ್ ಆಸೆ ಇನ್ನೂ ಹೋಗಿಲ್ಲ. ತರಿಸಲಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಮುಂದಿನ ಎರಡು ಟೈರ್ ಸವೆದಿವೆ, ಮಳೆಗಾಲದೊಳಗೆ ಹಾಕಿಸಬೇಕು. ಅದರ ಪಾಲು ಅವನಿಂದ ಇನ್ನೂ ಬರಬೇಕಿದೆ.